ನಾನು ತೆಗೆದಿಟ್ಟ ಮೂರು ಕಾರ್ಡುಗಳು

ಗುಡ್ಡದ ಮೇಲಿನ ರೇಡಿಯೋ ಕೇಂದ್ರದಲ್ಲಿ ನಾನು ಕಸ ಗುಡಿಸುವ ಕೆಲಸಕ್ಕಿದ್ದೆ. ಇಪ್ಪತ್ತು ವರ್ಷಕ್ಕೂ ಮೇಲೆ ಅಲ್ಲೇ ದುಡಿದೆ. ಟಿ.ವಿ.ಯ ಟವರೂ ಅದೇ ಕಾಂಪೌಂಡಿನಲ್ಲಿತ್ತು, ಆ ಕಡೆಯ ರೂಮನ್ನೂ ನಾನೇ ಗುಡಿಸುತ್ತಿದ್ದೆ. ಈಗ ಟಿ.ವಿ. ರೂಮಿಗೆ ಬೀಗ ಬಿದ್ದಿದೆ, ಒಳಗಿದ್ದ ಯಂತ್ರಗಳನ್ನು ಲಾರಿಗೆ ಹಾಕಿಕೊಂಡು ಹೋದರು. ರೇಡಿಯೋ ಇನ್ನೂ ನಡೆಯುತ್ತಿದೆ. ಹಾಡು ಬೇಕಾದವರು ಈಗ ಮೊಬೈಲಿನಲ್ಲಿ ಮೆಸೇಜು ಹಾಕುತ್ತಾರಂತೆ. ನಾನು ಹೇಳುತ್ತಿರುವುದು ಅಂಚೆ ಕಾರ್ಡಿನ ಕಾಲದ ಮಾತು.

ಅಲ್ಲಿಯ ಕೆಲಸ ಬೇರೆ ಆಫೀಸಿನ ಹಾಗಲ್ಲ. ಸ್ಟುಡಿಯೋದೊಳಗೆ ಪೊರಕೆ ಆಡಿಸುವಂತಿಲ್ಲ, ಧೂಳೆದ್ದು ಮೆಷಿನ್ನಿಗೆ ಕೂರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಚಪ್ಪಲಿ ಹೊರಗೆ. ಬಾಗಿಲು ಎರಡು, ಒಂದನ್ನು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆಗೆಯಬೇಕು. ಮೇಲೆ ಕೆಂಪು ದೀಪ ಹತ್ತಿದ್ದರೆ ಒಳಗೆ ಹೋಗುವುದಿರಲಿ, ಬಾಗಿಲ ಹತ್ತಿರ ಬಕೆಟ್ ಇಟ್ಟ ಸದ್ದೂ ಆಗಬಾರದು. ಮಳೆಗಾಲದಲ್ಲಿ ಟೇಪಿನ ಡಬ್ಬಿಗಳಿಗೆ ಬೂಷ್ಟು ಹಿಡಿಯುತ್ತಿತ್ತು. ಅವನ್ನು ಒಂದೊಂದಾಗಿ ಒರೆಸಿ ಬಲ್ಬಿನ ಕೆಳಗೆ ಸಾಲಾಗಿ ಇಡುವುದೂ ನನ್ನ ಪಾಲಿಗೇ ಬಂತು.

ಹಾಗೆಯೇ ಬಂದದ್ದು ಕಾರ್ಡುಗಳ ಕೆಲಸ. ಭಾನುವಾರ ಮಧ್ಯಾಹ್ನ ಕೇಳುಗರ ಕೋರಿಕೆಯ ಹಾಡುಗಳನ್ನು ಹಾಕುತ್ತಿದ್ದರು. ಅದಕ್ಕೆ ವಾರವಿಡೀ ಕಾರ್ಡು ಬರುತ್ತಿತ್ತು, ಗೋಣಿಚೀಲ ತುಂಬ. ಒಂದೊಂದು ಹಾಡಿಗೆ ಮೊದಲು ಊರಿನ ಹೆಸರು, ಆಮೇಲೆ ಮನೆಯವರೆಲ್ಲರ ಹೆಸರು ಓದುತ್ತಿದ್ದರು. ಜನಕ್ಕೆ ಹಾಡಿಗಿಂತ ಹೆಸರು ಕೇಳುವುದೇ ಮುಖ್ಯ. ನನಗೆ ಮೂರನೇ ಕ್ಲಾಸಿನ ಓದು. ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಊರು ನೋಡಿ ಕಾರ್ಡುಗಳನ್ನು ಬೇರೆ ಮಾಡಿ ದಾರ ಕಟ್ಟುವುದಕ್ಕೆ ಅಷ್ಟು ಸಾಕು ಎಂದು ಸಾಹೇಬರೇ ಒಪ್ಪಿಸಿದರು. ಭಾಗಮಂಡಲದ ಕಟ್ಟು ಒಂದು, ಕುಶಾಲನಗರದ್ದು ಒಂದು, ಶನಿವಾರಸಂತೆಯದು ಒಂದು. ಶುಕ್ರವಾರ ಅನೌನ್ಸರಮ್ಮ ಬಂದು ಪ್ರತಿ ಕಟ್ಟಿನ ಮೇಲಿನಿಂದ ಐದಾರು ತೆಗೆದುಕೊಂಡು ಹೋಗುವರು. ಕೆಳಗಿನವು ಹಾಗೆಯೇ ಒಲೆಗೆ.

ಹೀಗಾಗಿ ಮೇಲೆ ಯಾರ ಕಾರ್ಡು ಇರಬೇಕು ಎನ್ನುವುದು ನನ್ನ ಕೈಯಲ್ಲಿತ್ತು. ಇದು ನನಗೆ ಗೊತ್ತಿತ್ತು, ನನ್ನ ತಂಗಿಗೂ ಗೊತ್ತಿತ್ತು.

ತಂಗಿ ನಮ್ಮ ಎಸ್ಟೇಟಿನ ಜೀಪ್ ಡ್ರೈವರನ ಜೊತೆ ಹೋದವಳು. ಅವನು ಮಲಯಾಳಿ, ನಮ್ಮ ಜಾತಿಯವನಲ್ಲ. ಅಪ್ಪ ಅದೇ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು, ಕೆಲಸಗಾರರ ಹಾಜರಿ ಬರೆಯುವವರು. ನಾಲ್ಕು ಜನ ಕೂಲಿಗಳ ಮುಂದೆ ತಲೆ ತಗ್ಗಿಸಬೇಕಾಯಿತಲ್ಲ ಎಂದು ಅವರಿಗೆ. ಅವಳ ಮೊದಲ ಕಾಗದ ಬಂದಾಗ ಬಿಡಿಸದೆ ಹರಿದರು. ಎರಡನೆಯದನ್ನೂ ಹರಿದರು. ಆಮೇಲೆ ಅವಳು ಮನೆಗೆ ಬರೆಯಲಿಲ್ಲ. ರೇಡಿಯೋಕ್ಕೆ ಬರೆದಳು.

ಶನಿವಾರಸಂತೆಯಿಂದಾಚೆ ಒಂದು ಎಸ್ಟೇಟ್ ಲೈನಿನ, ಎಂದರೆ ಕೆಲಸಗಾರರ ಸಾಲುಮನೆಯ, ವಿಳಾಸ. ಕೆಳಗೆ ಎರಡು ಹೆಸರು, ಅವಳದು ಮತ್ತು ಅವನದು. ನಾನು ಆ ಕಾರ್ಡನ್ನು ಕಟ್ಟಿನ ಮೇಲಿಟ್ಟೆ. ಭಾನುವಾರ ನನಗೆ ರಜ, ಮನೆಯಲ್ಲೇ ಇದ್ದೆ. ಅವಳ ಹೆಸರು ಬಂದಾಗ ಅವ್ವ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದುಕೊಂಡು ನಿಂತಳು. ಅಪ್ಪ ಎದ್ದು ಅಂಗಳಕ್ಕೆ ಹೋದರು. ರೇಡಿಯೋ ಆರಿಸಲಿಲ್ಲ. ಆಮೇಲೂ ಅಷ್ಟೇ, ಹೆಸರು ಓದಲು ಶುರುವಾದರೆ ಎದ್ದು ಹೋಗುವರು, ಹಾಡು ಮುಗಿದ ಮೇಲೆ ಬರುವರು. ಒಂದು ದಿನವೂ ಆರಿಸಲಿಲ್ಲ.

ತಿಂಗಳಿಗೆ ಎರಡು ಮೂರು ಸಲ ಕಾರ್ಡು ಬರುತ್ತಿತ್ತು. ವರ್ಷ ಕಳೆದ ಮೇಲೆ ಮೂರು ಹೆಸರಾಯಿತು.

"ಗಂಡೋ ಹೆಣ್ಣೋ?" ಎಂದು ಅವ್ವ ನನ್ನನ್ನು ಕೇಳಿದಳು.

"ಹೆಸರು ಕೇಳಿದ್ಯಲ್ಲ, ಹೆಣ್ಣು."

"ಎಷ್ಟು ದಿನದ್ದು?"

"ರೇಡಿಯೋದಲ್ಲಿ ಅದನ್ನೆಲ್ಲ ಹೇಳ್ತಾರೇನವ್ವ."

ಮತ್ತೆ ನಾಲ್ಕಾಯಿತು, ಐದಾಯಿತು. ಮೂರು ಮಕ್ಕಳು ಹುಟ್ಟಿದ್ದನ್ನು ನಮ್ಮ ಮನೆಯವರು ಕೇಳಿದ್ದು ಹೀಗೆ. ಬಾಣಂತನಕ್ಕೆ ಯಾರೂ ಹೋಗಲಿಲ್ಲ. ಬಸ್ಸಿನಲ್ಲಿ ಮೂರು ಗಂಟೆಯ ದಾರಿ, ನಾನು ಹೋಗಬಹುದಿತ್ತು. ಹೋಗಲಿಲ್ಲ.

ಅನೌನ್ಸರಮ್ಮನಿಗೆ ಸ್ವಲ್ಪ ವಾಸನೆ ಬಡಿದಿತ್ತು. ಒಂದು ಶುಕ್ರವಾರ ಕಾರ್ಡು ಹಿಡಿದುಕೊಂಡೇ ಕೇಳಿದರು.

"ಏನಮ್ಮಾ, ಈ ಶನಿವಾರಸಂತೆಯವರು ನಿಮಗೆ ನೆಂಟರಾ? ಯಾವಾಗ್ಲೂ ಮೇಲೇ ಕೂತಿರ್ತಾರೆ."

"ಸಂತೆಯವರಲ್ವಾ ಮೇಡಂ, ಎಲ್ಲರಿಗೂ ನೆಂಟರೇ."

"ನಮ್ಮಮ್ಮಂದೂ ಒಂದು ಕಾರ್ಡ್ ಹಾಕಿಸ್ತೀನಿ, ಮೇಲಿಡಿ ಹಾಗಾದ್ರೆ."

"ಒಂದು ಕೆ.ಜಿ. ಸಕ್ಕರೆ ತನ್ನಿ, ಇಡ್ತೀನಿ."

ಅವರು ನಕ್ಕರು. ಒಳ್ಳೆಯ ಹೆಂಗಸು.

ತಂಗಿಯ ಮೊದಲ ಕಾರ್ಡು ಬರುವ ಹೊತ್ತಿಗೇ ನಾನು ಅಪ್ಪನ ಮನೆಗೆ ಬಂದು ಸೇರಿದ್ದೆ. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ಅಪ್ಪ ಕೆಲಸ ಬಿಟ್ಟ ಮೇಲೆ ಪೇಟೆಯ ಕೆಳಗೆ ಕಟ್ಟಿಸಿದ ಮನೆ ಅದು. ಒಂದು ಹಜಾರ, ಅಡುಗೆಮನೆ, ಹಿಂದೆ ಒಂದು ರೂಮು. ರೂಮು ನನಗೆ ಕೊಟ್ಟಿದ್ದರು. ಬಾಗಿಲಿಗೆ ಒಳಗಿನಿಂದ ಚಿಲಕವಿತ್ತು. ಗಂಡನ ಮನೆಯಲ್ಲಿ ಎಂಟು ಜನದ ಮಧ್ಯೆ ಮಲಗಿ ಬಂದವಳು ನಾನು. ಆ ಚಿಲಕ ಏನು ಎಂದು ನನಗೆ ಗೊತ್ತು.

ಆಮೇಲೆ ಒಂದು ವಾರ ಬಂದ ಕಾರ್ಡಿನಲ್ಲಿ ನಾಲ್ಕೇ ಹೆಸರಿದ್ದವು. ಅವಳದು, ಮೂರು ಮಕ್ಕಳದು. ಅವನದಿರಲಿಲ್ಲ. ನಾನು ಮೂರು ಸಲ ಎಣಿಸಿದೆ, ಅವನು ಸತ್ತಿರಬೇಕು ಎಂದುಕೊಂಡೆ. ಹೆಸರುಗಳ ಕೆಳಗೆ ಸಣ್ಣದಾಗಿ ಒಂದು ಸಾಲು. ಅಕ್ಷರ ಕೂಡಿಸಿಕೊಂಡೆ. "ಅಕ್ಕಾ, ಮಕ್ಕಳ ಕರಕೊಂಡು ಮನೆಗೆ ಬರಲಾ, ಅವ್ವನ ಕೇಳು. ಬಾ ಅನ್ನೋದಾದ್ರೆ ಹೆಸರು ಓದಿಸು."

ಅಂಥ ಸ್ವಂತದ ಮಾತುಗಳನ್ನು ರೇಡಿಯೋದಲ್ಲಿ ಓದುವುದಿಲ್ಲ, ಸಾಹೇಬರು ನೀಲಿ ಪೆನ್ಸಿಲಿನಲ್ಲಿ ಹೊಡೆದುಹಾಕುತ್ತಾರೆ. ಅದು ಅವಳಿಗೆ ಗೊತ್ತಿತ್ತು. ಬರೆದದ್ದು ನನಗೆ. ಹೆಸರು ಓದಿದರೆ ಬಾ ಎಂದು, ಓದದಿದ್ದರೆ ಬೇಡ ಎಂದು.

ನಾನು ಕಾರ್ಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ತಂದೆ. ಅವ್ವನನ್ನು ಕೇಳಲಿಲ್ಲ. ಅಪ್ಪ ಏನು ಮಾಡುವರೋ, ಅವನು ಸತ್ತದ್ದು ಒಳ್ಳೆಯದಾಯಿತು ಎಂದುಬಿಟ್ಟರೆ ಅವ್ವ ತಡೆಯುವಳೇ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡದ್ದು ಅದು. ಇದ್ದದ್ದು ಬೇರೆ. ಮೂರು ಮಕ್ಕಳು ಮತ್ತು ಒಬ್ಬ ವಿಧವೆ ಬಂದರೆ ಆ ರೂಮು ಹೋಗುತ್ತದೆ, ನಾನು ಹಜಾರದಲ್ಲಿ ಚಾಪೆ ಹಾಸಬೇಕು. ಇಷ್ಟೇ.

ಮುಂದಿನ ವಾರ ಅದೇ ಮಾತಿನ ಇನ್ನೊಂದು ಕಾರ್ಡು ಬಂತು. ಅದನ್ನೂ ತೆಗೆದಿಟ್ಟೆ. ಮೂರನೆಯ ವಾರದ ಕಾರ್ಡಿನಲ್ಲಿ ಹೆಸರು ಮಾತ್ರ ಇತ್ತು, ಕೆಳಗೆ ಏನೂ ಬರೆದಿರಲಿಲ್ಲ. ಅದನ್ನೂ ತೆಗೆದಿಟ್ಟೆ. ಆಮೇಲೆ ಬರಲಿಲ್ಲ.

ಅವ್ವ ಪ್ರತಿ ಭಾನುವಾರ ಕಿವಿ ಕೊಟ್ಟು ಕೂತಿದ್ದಳು.

"ಕಾರ್ಡ್ ಬರ್ಲಿಲ್ವೇನೆ?"

"ಇಲ್ಲ."

"ಸರಿಯಾಗಿ ನೋಡಿದ್ಯಾ? ನಿಂಗೆ ಓದಕ್ಕೆ ಬೇರೆ ಬರಲ್ಲ."

"ನೋಡ್ದೆ ಕಣವ್ವ. ಬಂದಿಲ್ಲ."

ನಾಲ್ಕನೆಯ ಭಾನುವಾರವೂ ಹೆಸರು ಬರಲಿಲ್ಲ. ಅವ್ವ ಎದ್ದು ಕೋಳಿ ಕೊಯ್ಯಿಸಿದಳು. ಸಾರು ಮಾಡಿದಳು, ಕಡುಬು ಬೇಯಿಸಿದಳು. ತಂಗಿಗೆ ಕಡುಬು ಎಂದರೆ ಇಷ್ಟ. ಬಾಳೆ ಎಲೆಯಲ್ಲಿ ಎಲ್ಲ ಬಡಿಸಿ, ಒಂದು ಲೋಟ ನೀರಿಟ್ಟು, ಹಿತ್ತಿಲಿಗೆ ತೆಗೆದುಕೊಂಡು ಹೋಗಿ ಕಾಗೆ ಕರೆದಳು. ಸತ್ತವರಿಗೆ ಎಡೆ ಇಡುವುದು ಹಾಗೆ.

ಅಪ್ಪ ಹಿಂಬಾಗಿಲಿಗೆ ಬಂದರು. "ಯಾರಿಗೆ ಇದು?"

"ನಿಮಗೆ ಗೊತ್ತಿಲ್ವಾ?" ಎಂದಳು ಅವ್ವ.

ಕಾಗೆ ಬಂತು. ಬದುಕಿರುವವಳ ಎಡೆಯನ್ನು ಕಾಗೆ ಮುಟ್ಟುವುದಿಲ್ಲ ಎಂದು ನಾನು ಅಂದುಕೊಂಡಿದ್ದೆ. ಮುಟ್ಟಿತು. ಕೋಳಿಯ ತುಂಡು ಎತ್ತಿಕೊಂಡು ಹೋಯಿತು. ನಾನು ಪಕ್ಕದಲ್ಲೇ ನಿಂತಿದ್ದೆ. ಕಾರ್ಡುಗಳು ನನ್ನ ರೂಮಿನ ಟ್ರಂಕಿನಲ್ಲಿದ್ದವು. ಆಗ ಹೇಳಬಹುದಿತ್ತು. ಹೇಳಿದರೆ ಮೂರು ವಾರ ಯಾಕೆ ಸುಮ್ಮನಿದ್ದೆ ಎಂದೂ ಹೇಳಬೇಕಾಗುತ್ತದೆ. ಉಳಿದ ಕಡುಬನ್ನು ನಾವು ಮೂವರೂ ತಿಂದೆವು.

ಆ ವಾರದ ಶನಿವಾರ ಅಪ್ಪ ಬೆಳಿಗ್ಗೆ ಸ್ನಾನ ಮಾಡಿ ಬಿಳಿ ಅಂಗಿ ಹಾಕಿಕೊಂಡರು. ಎಲ್ಲಿಗೆ ಎಂದು ಅವ್ವ ಕೇಳಲಿಲ್ಲ. ಸಂತೆಗೆ ಎಂದು ಅವರೇ ಹೇಳಿದರು. ಶನಿವಾರಸಂತೆಯಲ್ಲಿ ಕೊಳ್ಳುವಂಥದ್ದು ನಮಗೆ ಏನೂ ಇರಲಿಲ್ಲ. ಸಂಜೆ ಬಂದವರು ಜಗಲಿಯಲ್ಲೇ ಕೂತರು. ಕಾಲು ತುಂಬ ಕೆಸರು.

"ಕೇಳ್ಕೊಂಡು ಅವಳ ಲೈನಿಗೆ ಹೋಗಿದ್ದೆ," ಎಂದರು. ನನಗಲ್ಲ, ಅವ್ವನಿಗೆ. "ಸತ್ತಿದ್ದು ಅವಳಲ್ಲ, ಅವನು. ಜೀಪ್ ಪಲ್ಟಿ ಆಯ್ತಂತೆ. ಹೋದ ವಾರಾನೇ ಅವಳು ಮಕ್ಕಳ ಕರ್ಕೊಂಡು ಲೈನ್ ಬಿಟ್ಟಿದ್ದಾಳೆ."

"ಎಲ್ಲಿಗೆ?"

"ಯಾರಿಗೂ ಹೇಳಿಲ್ಲ. ಹಾಸನದ ಬಸ್ ಹತ್ತಿದ್ಲು ಅಂದ್ರು."

ಅವ್ವ ಕಾಲು ತೊಳೆಯಲು ನೀರು ತಂದಿಟ್ಟಳು. ಅಪ್ಪ ನೀರು ಮುಟ್ಟದೆ ಇನ್ನೊಂದು ಮಾತು ಹೇಳಿದರು. "ಮಕ್ಕಳಿಗೆ ಅಂತ ಬಿಸ್ಕೆಟ್ ತಗೊಂಡಿದ್ದೆ. ಲೈನಿನ ಮಕ್ಕಳಿಗೆ ಕೊಟ್ಟು ಬಂದೆ."

ನಾನು ರೂಮಿಗೆ ಹೋಗಿ ಚಿಲಕ ಹಾಕಿಕೊಂಡೆ. ಸೋಮವಾರ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋದೆ. ಸ್ಟುಡಿಯೋ ಒರೆಸಿದೆ. ಅನೌನ್ಸರಮ್ಮ ಕೇಳಿದರು, "ನಿಮ್ಮ ಸಂತೆಯವರು ಬರೆಯೋದು ಬಿಟ್ರಲ್ಲ?" ಮೊಬೈಲ್ ತಗೊಂಡಿರಬೇಕು ಎಂದೆ. ಆಗ ಮೊಬೈಲ್ ಹೊಸತು.

ಅಪ್ಪ ಮೊದಲು ಹೋದರು, ಅವ್ವ ಆಮೇಲೆ. ಅವ್ವ ಕೊನೆಯವರೆಗೂ ಭಾನುವಾರ ರೇಡಿಯೋ ಹಚ್ಚುತ್ತಿದ್ದಳು. ನಾನು ಇಬ್ಬರನ್ನೂ ಚೆನ್ನಾಗಿಯೇ ನೋಡಿಕೊಂಡೆ. ಅದನ್ನು ಊರಿನವರೂ ಹೇಳುತ್ತಾರೆ.

ಕೆಲಸದಿಂದ ಬಿಡುಗಡೆಯಾದ ಮೇಲೆ ಒಂದು ಶನಿವಾರ ನಾನೇ ಆ ಸಂತೆಗೆ ಹೋದೆ. ಆಮೇಲೆ ಆಗಾಗ ಹೋಗುತ್ತಿದ್ದೆ. ಹುಡುಕಲು ಎಂದು ಯಾರಿಗೂ ಹೇಳಲಿಲ್ಲ. ಹೋದ ವರ್ಷ ಬೇಸಗೆಯಲ್ಲಿ ಮೆಣಸಿನಕಾಯಿ ಮಾರುವವರ ಸಾಲಿನಲ್ಲಿ ಅವಳನ್ನು ಕಂಡೆ. ಮಾರುವವಳಲ್ಲ, ಕೊಳ್ಳುವವಳು. ಕೂದಲು ಪೂರ್ತಿ ಬೆಳ್ಳಗೆ. ನನ್ನನ್ನು ನೋಡಿದಳು, ಗುರುತು ಹಿಡಿದಳು, ಮೆಣಸಿನಕಾಯಿ ಚೀಲಕ್ಕೆ ತುಂಬಿಸಿಕೊಳ್ಳುವುದನ್ನು ಮುಗಿಸಿದಳು.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಕೂತೆವು.

"ನನ್ನ ಕಾರ್ಡ್ ಬಂದಿತ್ತಾ ಅಕ್ಕಾ?"

"ಬಂದಿತ್ತು. ಮೂರೂ."

"ಅವ್ವ ಬೇಡ ಅಂದ್ಲಾ?"

"ಅವ್ವನ ಕೇಳ್ಲಿಲ್ಲ ನಾನು."

ಅವಳು ಚೀಲದ ಬಾಯಿಯನ್ನು ದಾರದಿಂದ ಬಿಗಿದು ಕಟ್ಟಿದಳು. ಹತ್ತಿರದಲ್ಲೇ ಒಬ್ಬ ಟೀ ಟೀ ಎಂದು ಕೂಗುತ್ತಿದ್ದ. ಅವಳು ಬೇಡ ಎಂದು ಅವನಿಗೆ ಕೈ ಆಡಿಸಿದಳು.

"ಇಷ್ಟು ವರ್ಷ ನಾನು ಅವ್ವನ ಮೇಲೆ ಸಿಟ್ಟಿಟ್ಕೊಂಡಿದ್ದೆ," ಎಂದಳು. "ಅವ್ವ ಬೇಡ ಅಂದ್ಲು ಅಂತ ಮಕ್ಕಳಿಗೂ ಹೇಳಿಕೊಟ್ಟೆ. ಅಜ್ಜಿ ಅಂದ್ರೆ ನನ್ನ ದೊಡ್ಡವಳು ಉಗೀತಾಳೆ."

"ಅಪ್ಪ ನಿನ್ನ ಹುಡುಕ್ಕೊಂಡು ಲೈನಿಗೆ ಬಂದಿದ್ರು," ಎಂದೆ. ಹೇಳದೆ ಇರಬಹುದಿತ್ತು. ಹೇಳಿಬಿಟ್ಟೆ. "ನೀನು ಹೋದ ಮುಂದಿನ ವಾರ. ಮಕ್ಕಳಿಗೆ ಬಿಸ್ಕೆಟ್ ತಂದಿದ್ರು."

ಇಬ್ಬರೂ ಈಗಿಲ್ಲ ಎಂದೂ ಅವಳಿಗೆ ಹೇಳಿದೆ. ಆಮೇಲೆ ಅವ್ವ ಹೋದದ್ದು ಯಾವ ತಿಂಗಳಲ್ಲಿ ಎಂದು ಕೇಳಿದಳು. ಹೇಳಿದೆ. ಅಪ್ಪನದು ಕೇಳಿದಳು. ಅದನ್ನೂ ಹೇಳಿದೆ. ನೋವಾಗಿತ್ತಾ ಎಂದು ಕೇಳಿದಳು. ಅಪ್ಪನಿಗೆ ಆಗಿತ್ತು, ಅವ್ವನಿಗೆ ಇಲ್ಲ ಎಂದೆ.

"ಯಾಕೆ ಹಂಗೆ ಮಾಡ್ದೆ?"

"ರೂಮಿಗೋಸ್ಕರ."

ನನ್ನ ಮುಖ ನೋಡಿದಳು. ತಮಾಷೆ ಮಾಡುತ್ತಿದ್ದೇನೋ ಎಂದುಕೊಂಡಿರಬೇಕು. ಅಲ್ಲ ಎಂದು ಗೊತ್ತಾಯಿತು.

"ಈಗ್ಲೂ ಅದೇ ರೂಮಲ್ಲಿ ಮಲಗ್ತೀಯಾ?"

"ಹ್ಞೂಂ."

ಅವಳ ಬಸ್ಸು ಬಂತು. ಚೀಲವನ್ನು ನಾನು ಎತ್ತಿಕೊಡಲು ಹೋದೆ, ಅವಳು ತಾನೇ ಎತ್ತಿಕೊಂಡಳು. ಮೆಟ್ಟಿಲ ಹತ್ತಿರ ನಿಂತು ಹೇಳಿದಳು, "ಮಕ್ಕಳಿಗೆ ಹೇಳ್ತೀನಿ, ಬೇಡ ಅಂದಿದ್ದು ಅಜ್ಜಿ ಅಲ್ಲ ಅಂತ. ಯಾರು ಅಂತಾನೂ ಹೇಳ್ಬೇಕಾಗ್ತದೆ."

"ಹೇಳು," ಎಂದೆ.