ಮಾನಿಟರಿಗೆ ಇಟ್ಟ ಬೊಟ್ಟು

ನಮ್ಮ ಮೇಡಂ ಹಣೆಯ ಮೇಲಿದ್ದ ಹಾಗೆಯೇ ಅವರ ಮಾನಿಟರಿನ ಮೇಲೂ ಕೆಂಪು ಬೊಟ್ಟುಗಳಿರುತ್ತಿದ್ದವು. ಹೆಂಗಸರು ಕನ್ನಡಿಗೆ ಅಂಟಿಸಿ ಮರೆಯುವ ಸ್ಟಿಕ್ಕರ್ ಬೊಟ್ಟು. ಹಲಸೂರಿನಲ್ಲಿ ಹೂವಿನಂಗಡಿಯ ಮೇಲಿದ್ದ ಅವರ ಪುಟ್ಟ ಆಫೀಸಿಗೆ ಸೇರಿದ ದಿನ, ಇದೆಂಥ ಮರೆಗುಳಿ ಹೆಂಗಸಪ್ಪ ಅಂದುಕೊಂಡೆ. "ವೆಬ್‌ಸೈಟ್ ಯಾವ ರೆಸಲ್ಯೂಷನ್‌ಗೆ, ಎಷ್ಟಗಲದ ಸ್ಕ್ರೀನಿಗೆ ಮಾಡ್ಲಿ ಮೇಡಂ?" ಎಂದು ಕೇಳಿದರೆ ಅವರು ನನ್ನ ಮಾನಿಟರಿಗೂ ಎರಡು ಬೊಟ್ಟು ಅಂಟಿಸಿದರು. "ಇಲ್ಲಿಗೆ ಫೋನಿನ ಅಗಲ ಮುಗೀತು. ಇಲ್ಲಿಗೆ ಅಂಗಡಿಗಳ ಹಳೇ ಕಂಪ್ಯೂಟರ್ ಮುಗೀತು. ಮಿಕ್ಕಿದ್ದು ನಿನ್ನ ದೊಡ್ಡ ಸ್ಕ್ರೀನಿನ ಜಂಬ. ಬೊಟ್ಟು ದಾಟ್ಬೇಡ ಕಣೇ."

ಮೆಟ್ರೋದಲ್ಲಿ ಪಕ್ಕದವರ ಫೋನಿಗೆ ಇಣುಕುವುದು ಅವರಿಗೆ ನಾಚಿಕೆಯ ವಿಷಯವೇ ಅಲ್ಲ. ಒಮ್ಮೆ ಒಬ್ಬರು ಮುಖ ಸಿಂಡರಿಸಿದಾಗ, "ಮೆಸೇಜ್ ಓದ್ತಿಲ್ಲ ಸಾರ್, ಸ್ಕ್ರೀನ್ ಎಷ್ಟಗಲ ಅಂತ ನೋಡ್ತಿದೀನಿ" ಎಂದರು. ಬೈಯಪ್ಪನಹಳ್ಳಿ ಬರುವವರೆಗೂ ನಾನು ಅವರ ಪರಿಚಯವೇ ಇಲ್ಲದವಳ ಹಾಗೆ ನಿಂತಿದ್ದೆ.

ನಾನು ರಾಯಚೂರಿನವಳು. ಕೆಲಸ ಕಾಯಂ ಆಗದಿದ್ದರೆ ಊರಿಗೆ ವಾಪಸ್ ಬರಬೇಕು ಎಂದು ಅಪ್ಪ ಹೇಳಿಯೇ ಕಳಿಸಿದ್ದರು. ಕಾಯಂ ಆಗುವುದು ನಾನೊಬ್ಬಳೇ ಮಾಡುತ್ತಿದ್ದ ಮೊದಲ ವೆಬ್‌ಸೈಟಿನ ಮೇಲೆ ನಿಂತಿತ್ತು. ಶಿವಾಜಿನಗರದ ಸ್ಕೂಲ್ ಯೂನಿಫಾರಂ ಅಂಗಡಿಯದು.

ನಡುವೆ ಆಯುಧಪೂಜೆ ಬಂತು. ಮೇಡಂ ತಾವೇ ಸೆರಗು ಸಿಕ್ಕಿಸಿ ಎಲ್ಲ ಮಾನಿಟರುಗಳನ್ನೂ ತಿಕ್ಕಿ ಒರೆಸಿ, ಕುಂಕುಮ ಹಚ್ಚಿ ಹೂವಿಟ್ಟರು. ಹಬ್ಬ ಮುಗಿಸಿ ಬಂದು ಕೂತರೆ ಸ್ಕ್ರೀನ್ ಥಳಥಳ. ಬೊಟ್ಟಿನ ನೆನಪೇ ಯಾರಿಗೂ ಬರಲಿಲ್ಲ. ಬಟ್ಟೆ, ಸೈಜು, ಬಣ್ಣ ಎಲ್ಲ ಸಾಲಾಗಿ ಹರಡಿ, ಬಲತುದಿಗೆ ಆರ್ಡರ್ ಬಟನ್ ಇಟ್ಟೆ.

ಮೇಡಂ ಜೊತೆ ಅಂಗಡಿಗೆ ಹೋಗಿ, ಗಲ್ಲಾದ ಮೇಲಿದ್ದ ಹಳೇ ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಬಟನ್ನೇ ಇಲ್ಲ; ಬಲತುದಿಯೆಲ್ಲ ಸ್ಕ್ರೀನಿನ ಆಚೆ ಹೋಗಿತ್ತು. "ಏನ್ ಮೇಡಂ, ಬಟ್ಟೆ ಐತೆ, ಸೈಜ್ ಐತೆ, ತಗೊಳ್ಳೋದ್ ಎಲ್ಲಿ?" ಎಂದರು ಮಾಲೀಕರು. ರಾಯಚೂರಿನ ರೈಲು ಕಣ್ಣಮುಂದೆ ಬಂತು.

ಮೇಡಂ ನನ್ನ ಕಡೆ ತಿರುಗಲೂ ಇಲ್ಲ. "ತಪ್ಪು ಈ ಹುಡುಗೀದಲ್ಲ ಸಾರ್. ಹಬ್ಬಕ್ಕೆ ಅಂತ ಗುರುತು ಒರೆಸಿಬಿಟ್ಟೋಳು ನಾನೇ. ಟೀ ತರಿಸಿ, ಇಲ್ಲೇ ಕೂತು ಸರಿ ಮಾಡ್ಕೊಡ್ತೀವಿ." ಹಣೆಯ ಬೊಟ್ಟು ಕಿತ್ತು ನನ್ನ ಲ್ಯಾಪ್‌ಟಾಪಿಗೆ ಅಂಟಿಸಿದರು. ಯೂನಿಫಾರಂ ಕಟ್ಟುಗಳ ಮಧ್ಯೆ ಕೂತು ಬಟನ್ನನ್ನು ಸೈಜಿನ ಕೆಳಕ್ಕೆ ತಂದೆ. ಮಾಲೀಕರು ಕಂಪ್ಯೂಟರಿನಲ್ಲಿ ಒತ್ತಿದರು, ಫೋನಿನಲ್ಲೂ ಒತ್ತಿದರು. "ಬಂತು, ಬಂತು!" ಆಗ ನನಗೆ ಹೋದ ಜೀವ ಬಂತು.

ಬರಿ ಹಣೆಯಲ್ಲೇ ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತ ಮೇಡಂ ಹೇಳಿದರು, "ನಾಳೆಯಿಂದ ನೀನು ಕಾಯಂ. ಅಪ್ಪಂಗೆ ಫೋನ್ ಮಾಡ್ಬಿಡು."

ಈಗ ಆ ಆಫೀಸಿಲ್ಲ; ಮೇಡಂ ಕಗ್ಗದಾಸಪುರದ ಮನೆಯಲ್ಲಿದ್ದಾರೆ. ನಾನು ಇಂದಿರಾನಗರದಲ್ಲಿ ಕೆಲಸ ಮಾಡುತ್ತೇನೆ. ಯಾವ ಅಳತೆಯ ಸ್ಕ್ರೀನಿನಲ್ಲಿ ಹೇಗೆ ಕಾಣುತ್ತದೆಂದು ಈಗ ಸಾಫ್ಟ್‌ವೇರೇ ತೋರಿಸುತ್ತದೆ. ಆದರೂ ನನ್ನ ಮಾನಿಟರಿನ ಮೇಲೆ ಎರಡು ಬೊಟ್ಟುಗಳಿವೆ. ಅವರ ಋಣ ನನ್ನಿಂದ ತೀರುವಂಥದ್ದಲ್ಲ.

ಮೊನ್ನೆ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ದೃಷ್ಟಿ ಹೇಗೋ ಏನೋ ಎಂದು ನಾನು ಒದ್ದಾಡುತ್ತಿದ್ದೆ. ಪಟ್ಟಿ ಬಿಚ್ಚಿದ ದಿನ ಅವರದೇ ಫೋನ್ ಬಂತು. ಮೊದಲು ತೆರೆದದ್ದು ನಾನು ಹೊಸದಾಗಿ ಮಾಡಿದ ವೆಬ್‌ಸೈಟಂತೆ.

"ಅಕ್ಷರ ದೊಡ್ಡದ್ ಮಾಡ್ಕೊಂಡ್ ನೋಡ್ದೆ ಕಣೇ. ಒಂದ್ ಬಟನ್ನೂ ಆಚೆ ಹೋಗಿಲ್ಲ. ಎಲ್ಲಾ ಕಾಣ್ತಿದೆ."