ನೋಯದ ಗಂಟು

ಹಲ್ಲಿನ ಡಾಕ್ಟರ ಮುಂದೆ ಕೂತವರು ಕೇಳುವ ಮೊದಲೇ ಬಾಯಿ ತೆರೆಯುತ್ತಾರೆ. ನಾನು ಮಾತ್ರ ‘ಮೊದಲು ಮುಚ್ಚಿ’ ಎಂದು ಹಿಂದೆ ನಿಂತು, ಗದ್ದದ ಕೆಳಗಿನಿಂದ ಕಿವಿಯ ಬುಡದವರೆಗೆ, ಅಲ್ಲಿಂದ ಹೆಗಲ ಮೂಳೆಯವರೆಗೆ ಬೆರಳಾಡಿಸಿ ಕುತ್ತಿಗೆ ತಡವುತ್ತೇನೆ. ಸತ್ಯನಾರಾಯಣಪೇಟೆಯ ನನ್ನ ಪುಟ್ಟ ಕ್ಲಿನಿಕ್ಕಿಗೆ ಸಿರುಗುಪ್ಪದಿಂದ ಬಂದ ಅಕ್ಕಿ ವ್ಯಾಪಾರಿಯೊಬ್ಬರು, “ಹಲ್ಲು ಕೀಳಸಾಕ ಬಂದ್ರ ಕುತ್ತಿಗಿಗೇ ಕೈ ಹಾಕ್ತೀರಲ್ರಿ ಮೇಡಂ!” ಎಂದು ಎಲ್ಲರನ್ನೂ ನಗಿಸಿದ್ದರು. ನಗಲಿ ಬಿಡಿ, ನನ್ನ ಬೆರಳಿಗೆ ಆ ಅಭ್ಯಾಸ ತಪ್ಪಿಲ್ಲ.

ಹಲ್ಲು ಹುಳುಕಾಗಿ ದವಡೆಯ ಕೆಳಗೆ ನಿಮಗೂ ಎಂದಾದರೂ ಗಂಟು ಎದ್ದಿದ್ದರೆ ನೆನಪಿರುತ್ತದೆ, ಮುಟ್ಟಿದರೆ ಜೀವ ಹೋಗುವಂಥ ನೋವು. ಅಂಥ ಗಂಟಿಗೆ ನಾನು ಹೆದರುವುದಿಲ್ಲ. ಮೆತ್ತಗಿದ್ದು, ಬೆರಳಿಗೆ ಸಿಕ್ಕರೆ ಜಾರಿ, ಒತ್ತಿದರೆ ‘ಅಯ್ಯೋ’ ಅನ್ನಿಸುವ ಅದು, ಕೀವು ಮುಂದಕ್ಕೆ ಹೋಗದಂತೆ ಬಾಗಿಲಿಗೆ ಅಡ್ಡ ನಿಂತು ಜಗಳವಾಡುವ ಮನೆಯವರ ಹಾಗೆ. ಹಲ್ಲು ವಾಸಿಯಾದರೆ ಸಾಮಾನ್ಯವಾಗಿ ತಾನೂ ಇಳಿಯುತ್ತದೆ. ನೋವನ್ನು ಶತ್ರುವೆಂದು ಶಪಿಸುತ್ತ ಬರುವವರಿಗೆ ಹೇಗೆ ಹೇಳಲಿ, ದೇಹಕ್ಕೆ ಅದರಷ್ಟು ಪ್ರಾಮಾಣಿಕವಾದ ಭಾಷೆ ಬೇರೆಯಿಲ್ಲವೆಂದು? ಕೂಡಿಟ್ಟ ಹಣಕ್ಕೂ ಗಂಟು, ತಾಳಿಗೂ ಗಂಟು, ಸಿಟ್ಟಾದ ಮುಖಕ್ಕೂ ಗಂಟು ಎನ್ನುವ ನಮ್ಮ ನುಡಿಯಲ್ಲಿ ನನಗೆ ಭಯ ಹುಟ್ಟಿಸುವ ಗಂಟು ಒಂದೇ, ಗಟ್ಟಿಯಾಗಿ, ಕದಲದೆ, ನೋಯದೆ ಕೂತದ್ದು. ಅದು ಕ್ಷಯವಿರಬಹುದು, ಹೆಸರೆತ್ತಲು ನಾಲಿಗೆ ಹಿಂಜರಿಯುವ ಆ ಇನ್ನೊಂದೂ ಇರಬಹುದು.

ಹೋದ ವಾರ ಕುರುಗೋಡಿನಿಂದ ಚಿಗವ್ವ ಬಂದಳು. ನನ್ನ ಅವ್ವನ ತಂಗಿ. ಅವ್ವ ತೀರಿಕೊಂಡ ಮೇಲೆ ನನ್ನ ಜಡೆ ಹೆಣೆದು ಶಾಲೆಗೆ ಕಳಿಸಿದವಳು. ಅಲ್ಲಾಡುವ ಹಲ್ಲೊಂದನ್ನು ತೆಗೆಸಿಕೊಳ್ಳಬೇಕಿತ್ತು. ಸೆರಗು ಸರಿಸಿದರೆ ಕುತ್ತಿಗೆಯ ಬಲಕ್ಕೆ ಬೆಳ್ಳಗೆ ಸುಣ್ಣ.

“ಇದೇನ ಚಿಗವ್ವ?”

“ಸಣ್ಣ ಗಂಟು ಆಗೇತಿ. ಸುಣ್ಣ ಹಚ್ಚೀನಿ, ಕರಗತೈತಿ. ನೋವಿಲ್ಲ ಏನಿಲ್ಲ, ನೀ ಹಲ್ಲು ನೋಡು.”

ಒದ್ದೆ ಹತ್ತಿಯಿಂದ ಸುಣ್ಣ ಒರೆಸಿ ಮುಟ್ಟಿದೆ. ಗಟ್ಟಿ. ಸರಿಸಲು ನೋಡಿದೆ, ಸರಿಯಲಿಲ್ಲ. ಬಾಯಿ ತೆರೆಸಿ ದೀಪ ಹಿಡಿದರೆ, ಎಲೆ-ತಂಬಾಕು ಅದುಮಿಡುವ ಬಲಗೆನ್ನೆಯ ಒಳಗೆ ಬಹಳ ದಿನಗಳಿಂದ ಮಾಯದ ಹುಣ್ಣು. ಅದೂ ನೋಯುವುದಿಲ್ಲವಂತೆ. ಈ ವೃತ್ತಿಗೆ ಬಂದಾಗಿನಿಂದ ಯಾರಿಗೂ ನೋವಾಗದಿರಲಿ ಎಂದು ಹಾರೈಸುತ್ತ ಬಂದವಳು, ಅಂದು ದೇವರೇ ಇವಳಿಗೆ ನೋವಾಗಲಿ ಎಂದು ಬೇಡಿಕೊಂಡೆ. ಮತ್ತೆ ಒತ್ತಿದೆ, ಇನ್ನೂ ಜೋರಾಗಿ. ಅವಳು ರೆಪ್ಪೆಯನ್ನೂ ಅಲುಗಿಸಲಿಲ್ಲ.

“ಅಲ್ಲೇ ಯಾಕ ಒತ್ತಾಕತ್ತಿ?”

“ನೋವಾದ್ರ ಚಲೋ ಚಿಗವ್ವ, ಹಲ್ಲಿಂದ ಬಂದದ್ದು ಅಂದ್ಕೋಬಹುದು. ಇಲ್ಲಂದ್ರ ನಾಳೆನೇ ದೊಡ್ಡ ದವಾಖಾನಿಗೆ ಹೋಗಿ ಸೂಜಿ ಹಾಕಿ ನೋಡಿಸಬೇಕು.”

ದನಿ ನಡುಗದಂತೆ ಹೇಳಲು ನೋಡಿದೆ, ಆಗಲಿಲ್ಲ. ಎರಡನೆಯ ಸಲ ಅವ್ವನನ್ನು ಕಳೆದುಕೊಳ್ಳುವ ಹೆದರಿಕೆ ಅದು. ಕೈಗವಸು ಕಳಚಿ, ಬೇಸಿನ್ನಿನ ನಲ್ಲಿ ತಿರುಗಿಸಿ, ಅವಳಿಗೆ ಬೆನ್ನು ಮಾಡಿ ನಿಂತೆ.

“ಹಂಗಾದ್ರ ನೋಯ್ತೈತಿ ಮಗಳ,” ಎಂದಳು ಚಿಗವ್ವ. “ಭಾಳ ನೋಯ್ತೈತಿ. ಅಳಬ್ಯಾಡ.”

ಹಾಗೆಂದು ನನಗೆ ಕೇಳಿಸುವಂತೆ ‘ಸ್ಸ್’ ಎಂದು ಉಸಿರೆಳೆದುಕೊಂಡಳು. ಅವಳ ಕುತ್ತಿಗೆಯ ಮೇಲೆ ಆಗ ಯಾರ ಕೈಯೂ ಇರಲಿಲ್ಲ.