‘ನೀರು ಬಂತು’ ಎಂದು ಹೇಳುವ ಆ್ಯಪ್

ಬಂಗಾರಪೇಟೆಯ ನಮ್ಮ ಬೀದಿಗೆ ನಲ್ಲಿ ನೀರು ವಾರಕ್ಕೊಮ್ಮೆ ಬರುತ್ತದೆ. ವಾರ ಎಂದರೆ ಏಳೇ ದಿನ ಎಂದು ಯಾರೂ ಬರೆದುಕೊಟ್ಟಿಲ್ಲ; ಒಂಬತ್ತಾಗಬಹುದು, ಹನ್ನೊಂದಾಗಬಹುದು. ನಮ್ಮದು ಬಾಡಿಗೆ ಮನೆ, ಸಂಪಿಲ್ಲ. ನೀರು ಬಂದಾಗ ಯಾರಾದರೂ ನಿಂತು ಡ್ರಮ್ಮು ತುಂಬಬೇಕು. ಯಜಮಾನರು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗುವವರು. ನಾನು ರಾಬರ್ಟ್‌ಸನ್‌ಪೇಟೆಯಲ್ಲಿ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ ಇಟ್ಟವಳು. ಅತ್ತೆ ವಾರಕ್ಕೆರಡು ದಿನ ಕ್ಯಾಸಂಬಳ್ಳಿ ಹತ್ತಿರದ ಊರಿಗೆ ಹೋಗಿ ಮೈದುನನ ಮನೆಯ ಹಸುವಿನ ಯೋಗಕ್ಷೇಮ ವಿಚಾರಿಸಿಕೊಂಡು ಬರುತ್ತಾರೆ. ನೀರು ಹುಡುಕಿಕೊಂಡು ಬರುತ್ತಿದ್ದದ್ದು ಸರಿಯಾಗಿ ಆ ಎರಡು ದಿನವೇ.

ಒಂದು ಸಂಜೆ ಅಂಗಡಿಯಿಂದ ಬಂದಾಗ ಪಕ್ಕದ ಮನೆಯಾಕೆ ತಲೆಸ್ನಾನ ಮಾಡಿ ಕೂದಲು ಒಣಗಿಸಿಕೊಳ್ಳುತ್ತಿದ್ದಳು.

“ನೀರು ಬಂದಿತ್ತಲ್ಲಕ್ಕಾ, ನಿಮ್ಗೆ ಗೊತ್ತಾಗ್ಲಿಲ್ವಾ?” ಎಂದಳು.

ನಮ್ಮ ಮನೆಯಲ್ಲಿ ಎರಡು ವಾರದ ಬಟ್ಟೆ ಗುಡ್ಡೆ ಬಿದ್ದಿತ್ತು. ಆ್ಯಪ್ ಮಾಡಬೇಕೆಂದು ನನಗೆ ಜ್ಞಾನೋದಯವಾದದ್ದು ಆಗಲೇ.

ಆ್ಯಪ್ ಮಾಡುವುದು ಪುಕ್ಕಟೆ ಎಂದು ಕಲಿಸುವ ವಿಡಿಯೋಗಳೆಲ್ಲ ಹೇಳುತ್ತವೆ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಎಂಟು ತಿಂಗಳು ಆ ಪುಕ್ಕಟೆ ವಿದ್ಯೆ ಕಲಿತೆ. ಆ ಪುಕ್ಕಟೆ ಸಾಫ್ಟ್‌ವೇರು ತೆರೆದುಕೊಳ್ಳುವಷ್ಟರಲ್ಲಿ ನಾನು ಕಾಫಿ ಕುಡಿದು ಲೋಟ ತೊಳೆದಿಡುತ್ತಿದ್ದೆ. ಹಾಗಾಗಿ ಅಂಗಡಿಯ ಹಳೆಯ ಲ್ಯಾಪ್‌ಟಾಪಿಗೆ ಹೊಸ ಮೆಮೊರಿ ಹಾಕಿಸಿದೆ. ಮೆಮೊರಿ ಬಂದ ಸಂಭ್ರಮಕ್ಕೆ ಬ್ಯಾಟರಿ ಸತ್ತಿತು. ಅಷ್ಟೆಲ್ಲ ಆಗಿ ನನ್ನ ಆ್ಯಪ್‌ನಲ್ಲಿ ಇದ್ದದ್ದು ಒಂದೇ ಗುಂಡಿ: ‘ನೀರು ಬಂತು’. ಮೊದಲು ನೀರು ಕಂಡವರು ಅದನ್ನು ಒತ್ತಿದರೆ ಬೀದಿಯ ಉಳಿದವರ ಫೋನು ಗಂಟೆ ಹೊಡೆಯಬೇಕು.

ಇನ್ನು ಅದನ್ನು ಜನರ ಫೋನಿಗೆ ತಲುಪಿಸುವ ಆನ್‌ಲೈನ್ ಸ್ಟೋರಿಗೆ ಸೇರಿಸಬೇಕಲ್ಲ. ಅದಕ್ಕೆ ಶುಲ್ಕ ಡಾಲರಿನಲ್ಲಿ. ನನ್ನ ಕಾರ್ಡಿಗೆ ಡಾಲರಿನ ಪರಿಚಯವಿರಲಿಲ್ಲ. ಬ್ಯಾಂಕಿಗೆ ಹೋದರೆ ಗುಮಾಸ್ತ, “ಫಾರಿನ್ ಟೂರಾ ಮೇಡಂ?” ಎಂದು ನಕ್ಕ. ನಗುತ್ತಲೇ ಕಾರ್ಡು ಸರಿಮಾಡಿಕೊಟ್ಟ. ಹಣ ಹೋಯಿತು, ಆದರೆ ಸ್ಟೋರಿನವರಿಗೆ ನನ್ನ ಗುರುತು ಒಪ್ಪಿಗೆಯಾಗಲಿಲ್ಲ. ಒಂದು ಗುರುತಿನ ಚೀಟಿಯಲ್ಲಿ ನನ್ನ ಹೆಸರಿಗೆ ಒಂದು ಅಕ್ಷರ ಹೆಚ್ಚಿತ್ತು. ದಿನವೂ ಬಂದವರ ತಿದ್ದುಪಡಿ ಅರ್ಜಿ ತುಂಬುತ್ತಾ “ಇದನ್ನ ಮೊದ್ಲೇ ನೋಡ್ಕೋಬಾರ್ದಾ?” ಎಂದು ಬೈಯುತ್ತಿದ್ದವಳು ನಾನು. ಅಂದು ನನ್ನದೇ ಅರ್ಜಿಯನ್ನು ನಾನೇ ತುಂಬಿ, ಬೈಯುವುದನ್ನು ಮಾತ್ರ ಬಿಟ್ಟೆ.

ಆಮೇಲೆ, ಯಾರ ಗುಟ್ಟನ್ನೂ ಕದಿಯುವುದಿಲ್ಲ ಎಂದು ಪ್ರಮಾಣ ಮಾಡುವ ಪುಟವೊಂದನ್ನು ಇಂಟರ್ನೆಟ್ಟಿನಲ್ಲಿ ಇಡಬೇಕಿತ್ತು. ಆ ಪುಟಕ್ಕೂ ವರ್ಷದ ಬಾಡಿಗೆ. ಕದಿಯದೆ ಇರುವುದಕ್ಕೂ ದುಡ್ಡು ಕೊಡಬೇಕೆಂದು ತಿಳಿದದ್ದು ಆಗ.

ಕೊನೆಯ ಷರತ್ತು ಪರೀಕ್ಷಕರದು. ಹನ್ನೆರಡು ಜನ ಹದಿನಾಲ್ಕು ದಿನ ಬಿಡದೆ ಆ್ಯಪ್ ಇಟ್ಟುಕೊಂಡಿರಬೇಕು. ಬೀದಿಯ ಹೆಂಗಸರನ್ನೆಲ್ಲ ಕರೆದು ಬೋಂಡಾ ಕಾಫಿ ಕೊಟ್ಟು ಕೂರಿಸಿದೆ. ಅತ್ತೆ ತಮ್ಮ ಕೀಪ್ಯಾಡ್ ಫೋನನ್ನು ನನ್ನ ಮುಂದೆ ಹಿಡಿದರು.

“ನಂದ್ರಾಗೂ ಆಕ್ಕೊಡಮ್ಮಾ. ಮನೆಯೋಳು ನಾನೇ ಇಲ್ದಿದ್ರೆ ಎಂಗೆ?”

ಅದರಲ್ಲಿ ಬರುವುದಿಲ್ಲ ಎಂದರೆ ಅವರು ಒಪ್ಪಲಿಲ್ಲ. ಬೋಂಡಾ ತಟ್ಟೆಯನ್ನು ಒಳಗೆ ತೆಗೆದುಕೊಂಡು ಹೋದರು.

ಹನ್ನೊಂದನೆಯ ದಿನ ಲೆಕ್ಕ ಹನ್ನೊಂದು ಜನಕ್ಕೆ ಇಳಿಯಿತು. ಓಡಿಹೋಗಿ ಪಕ್ಕದ ಮನೆಯಾಕೆಯನ್ನು ಕೇಳಿದೆ.

“ಮಗಳ ಸೀಮಂತದ ಫೋಟೋಗೆ ಜಾಗ ಇರ್ಲಿಲ್ಲಕ್ಕಾ, ನಿಮ್ದು ತೆಗೆದಾಕ್ಬುಟ್ಟೆ. ಆಮ್ಯಾಕೆ ಆಕ್ಕಂತೀನಿ ಬಿಡಿ, ಅದೇನ್ ಓಡೋಗ್ತದಾ?”

ಮತ್ತೆ ಒಂದನೆಯ ದಿನದಿಂದ ಶುರು. ಮತ್ತೆ ಬೋಂಡಾ.

ಅಂತೂ ಆ್ಯಪ್ ಸ್ಟೋರಿಗೆ ಸೇರಿತು. ಮೊದಲ ಸಲ ಗಂಟೆ ಹೊಡೆದಾಗ ಮಧ್ಯಾಹ್ನ, ನಾನು ಅಂಗಡಿಯಲ್ಲಿದ್ದೆ. ಷಟರ್ ಎಳೆದು ಬಸ್ಸು ಹತ್ತಿ ಮನೆ ಸೇರಿದರೆ ನಲ್ಲಿಯಿಂದ ಬಂದದ್ದು ಬರೀ ಗಾಳಿ. ಗುಂಡಿ ಒತ್ತಿದವಳು ಅದೇ ಪಕ್ಕದ ಮನೆಯಾಕೆ.

“ನೀರು ಬಂದ ತಕ್ಷಣ ಒತ್ತಬೇಕಲ್ವಾ?” ಎಂದೆ.

“ಮೊದ್ಲೇ ಒತ್ತಿದ್ರೆ ಎಲ್ಲಾರೂ ಮೋಟ್ರು ಆಕ್ಕಂತಾರೆ, ನಮ್ಗೆ ಸಣ್ಣಕ್ ಬತ್ತದೆ. ಅದ್ಕೇ ನಮ್ದೆಲ್ಲ ತುಂಬಿಸ್ಕಂಡು ಒತ್ತಿದೆ. ಒತ್ತದೇ ಬಿಟ್ನಾ ಏಳಿ?”

ಇಡೀ ಬೀದಿಯೇ ಹೀಗೆ ಪ್ರಾಮಾಣಿಕವಾಗಿತ್ತು. ಸ್ಟೋರಿನಲ್ಲಿ ಅಭಿಪ್ರಾಯಗಳೂ ಬಂದವು. ‘ನೀರು ಬರಲಿಲ್ಲ’ ಎಂದು ಒಬ್ಬರು ನನಗೆ ಒಂದು ನಕ್ಷತ್ರ ಕೊಟ್ಟಿದ್ದರು. ‘ಇವತ್ತು ನೀರು ಚೆನ್ನಾಗಿ ಬಂತು’ ಎಂದು ಇನ್ನೊಬ್ಬರು ಐದು.

ಕೊನೆಗೆ ನಮ್ಮ ಬೀದಿಗೆ ನೀರು ಬಿಡುವ ಪುರಸಭೆಯವರನ್ನೇ ಹಿಡಿದೆ. ಜಾತಿ ಪ್ರಮಾಣಪತ್ರಕ್ಕೆ ಅಂಗಡಿಗೆ ಬಂದಿದ್ದರು. ವಾಲ್ವ್ ತಿರುಗಿಸಿದ ಕೂಡಲೇ ಗುಂಡಿ ಒತ್ತಲು ಆಗುತ್ತದಾ ಎಂದು ಕೇಳಿದೆ.

“ಆ ವಾಲ್ವ್‌ಗೆ ನನ್ ಎರಡು ಕೈಯೂ ಸಾಲ್ದು ಅಕ್ಕಾ, ಗುಂಡಿ ಎಲ್ಲಿಂದ ಒತ್ಲಿ? ಬೇಕಿದ್ರೆ ಆದ್ಮೇಲೆ ಒಂದು ಮಿಸ್ ಕಾಲ್ ಕೊಡ್ತೀನಿ.”

ಕೊಟ್ಟರು. ತಪ್ಪದೆ ಕೊಟ್ಟರು. ಅವರ ಮಿಸ್ ಕಾಲ್ ಬಂದೊಡನೆ ನಾನು ಅಂಗಡಿಯಿಂದಲೇ ಗುಂಡಿ ಒತ್ತಿ, ಆಮೇಲೆ ಷಟರ್ ಎಳೆದು ಬಸ್ಸು ಹತ್ತುತ್ತಿದ್ದೆ. ಎಂಟು ತಿಂಗಳ ನನ್ನ ವಿದ್ಯೆ ಒಂದು ಮಿಸ್ ಕಾಲಿನ ಹಿಂದೆ ಬಾಲದಂತೆ ಓಡುತ್ತಿತ್ತು. ಆದರೂ ಓಡುತ್ತಿತ್ತು. ಹಾಗೆ ಓಡಿದ ಎರಡು ಮೂರು ತಿಂಗಳು ನನಗೆ ಎಷ್ಟು ಖುಷಿಯಾಯಿತೆಂದು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ನನ್ನ ಆ್ಯಪ್‌ಗೆ ಬೆಲೆ ಇದೆ ಎಂದು ಕಂಡುಕೊಂಡವರು ಒಬ್ಬರೇ: ಟ್ಯಾಂಕರಿನಲ್ಲಿ ನೀರು ಮಾರುತ್ತಿದ್ದ ಒಬ್ಬ ಮಾಲೀಕರು. ಅಂಗಡಿಗೆ ಬಂದು ಕುರ್ಚಿ ಎಳೆದು ಕೂತರು.

“ತಿಂಗ್ಳಾ ಇಷ್ಟು ಅಂತ ಕೊಡ್ತೀನಮ್ಮಾ. ನನ್ ನಂಬರು ಅದ್ರಾಗೆ ಆಕು. ಆಮೇಲೆ, ಈ ಗಂಟೆ ಒಡೀತದಲ್ಲ, ಅದು ಒಂದೆರಡು ಗಂಟೆ ತಡ ಆದ್ರೂ ತೊಂದ್ರೆ ಇಲ್ಲ. ಜನಕ್ಕೆ ಏನ್ ಅರ್ಜೆಂಟು?”

ಅವರು ಹೇಳಿದ ಮೊತ್ತದಲ್ಲಿ ಆ್ಯಪ್‌ನ ಎಲ್ಲ ಖರ್ಚೂ ಕಳೆದು ಹೊಸ ಲ್ಯಾಪ್‌ಟಾಪೂ ಬರುತ್ತಿತ್ತು. ಎರಡು ದಿನ ಯೋಚಿಸಿದೆ. ಎರಡು ದಿನ ಯೋಚಿಸಿದೆನಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ. ಆಗುವುದಿಲ್ಲ ಎಂದು ಫೋನ್ ಮಾಡಿದೆ. “ನಿಮ್ಗೆ ವ್ಯವಹಾರ ಬರಲ್ಲಮ್ಮಾ” ಎಂದರು. ಅದರಲ್ಲಿ ಸುಳ್ಳೇನಿರಲಿಲ್ಲ.

ಅಷ್ಟರಲ್ಲಿ ಸ್ಟೋರಿನಿಂದ ಪತ್ರ ಬಂತು: ಆ್ಯಪ್ ಹಳೆಯದಾಗಿದೆ, ಹೊಸ ಫೋನುಗಳಿಗೆ ತಕ್ಕಂತೆ ತಿದ್ದಿ, ಇಲ್ಲವೇ ತೆಗೆಯುತ್ತೇವೆ. ಒಂದು ಗುಂಡಿ ಅದೆಷ್ಟು ಹಳೆಯದಾಗಲು ಸಾಧ್ಯ! ತಿದ್ದಲು ಕೂತರೆ ಹೊಸ ಸಾಫ್ಟ್‌ವೇರು ನನ್ನ ಲ್ಯಾಪ್‌ಟಾಪಿನ ಮೇಲೆ ಕಾಲಿಡಲೂ ಒಪ್ಪಲಿಲ್ಲ. ಬಿಟ್ಟೆ. ಹೇಳಿದ ದಿನಕ್ಕೆ ತೆಗೆದರು. ಸರಿಯಾದ ಸಮಯಕ್ಕೆ ನಡೆದ ಕೆಲಸ ಇಡೀ ಕಥೆಯಲ್ಲಿ ಅದೊಂದೇ.

ಅಂದು ಭಾನುವಾರ, ಮನೆಯಲ್ಲಿದ್ದೆ. ಸ್ಟೋರಿನಿಂದ ಹೋದರೂ ನನ್ನ ಮತ್ತು ಬೀದಿಯವರ ಫೋನುಗಳಲ್ಲಿ ಆ್ಯಪ್ ಇನ್ನೂ ಇತ್ತು. ಕೊನೆಯದಾಗಿ ಒಮ್ಮೆ ಎಂದು ಗುಂಡಿ ಒತ್ತಿದೆ. ಬೀದಿಯುದ್ದಕ್ಕೂ ಒಂದರ ಹಿಂದೊಂದು ಫೋನುಗಳು ಗಂಟೆ ಹೊಡೆದವು. ಹಿಂದಿನ ಮನೆಯಲ್ಲಿ, ಎದುರು ಮನೆಯಲ್ಲಿ, ಮೂಲೆಯ ಅಂಗಡಿಯಲ್ಲಿ. ಅಲ್ಲಿಯವರೆಗೂ ನನ್ನ ಅಂಗಡಿಯಲ್ಲಿ ಕೂತೇ ಒತ್ತುತ್ತಿದ್ದವಳಿಗೆ ಆ ಸದ್ದು ಕೇಳಿಯೇ ಇರಲಿಲ್ಲ. ಸುಮ್ಮನೆ ನಿಂತು ಕೇಳಿದೆ.

ಪಕ್ಕದ ಮನೆಯಾಕೆ ಎರಡು ಬಿಂದಿಗೆ ಹಿಡಿದು ಓಡಿಬಂದಳು.

“ಎಲ್ಲಕ್ಕಾ ನೀರು?”

“ಇಲ್ಲ, ಸುಮ್ನೆ ಒತ್ತಿದೆ,” ಎಂದೆ.

ಅವಳು ಬೈದ ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ.